ಸಾಧನೆಯ ಪುಟದಲ್ಲಿ ಒಂದು ಸುಳ್ಳು ಸಾಲು

ಶಾಲೆಯ ವಾರ್ಷಿಕ ಸಂಚಿಕೆ ಪ್ರೆಸ್‌ನಿಂದ ಬಂದ ದಿನ ಸ್ಟಾಫ್ ರೂಮಿನಲ್ಲಿ ಯಾರೂ ಸಂಪಾದಕೀಯ ಓದುವುದಿಲ್ಲ. ಮಕ್ಕಳ ಕವಿತೆಗಳನ್ನಂತೂ ಕೇಳಲೇಬೇಡಿ. ಎಲ್ಲರ ಬೆರಳೂ ನೇರ ಹೋಗಿ ನಿಲ್ಲುವುದು ‘ನಮ್ಮ ಶಿಕ್ಷಕರ ಸಾಧನೆಗಳು’ ಎಂಬ ಭಾಗದಲ್ಲಿ. ಮೊದಲು ತನ್ನ ಫೋಟೊ ಹೇಗೆ ಬಂದಿದೆ ಎಂದು ನೋಡಿಕೊಳ್ಳುವುದು, ಆಮೇಲೆ ಪಕ್ಕದವರಿಗೆ ತನಗಿಂತ ಎಷ್ಟು ಸಾಲು ಹೆಚ್ಚು ಸಿಕ್ಕಿದೆ ಎಂದು ಎಣಿಸುವುದು.

“ನೋಡ್ರಪ್ಪ, ಮ್ಯಾಥ್ಸ್ ಮೇಡಂಗೆ ಹದಿನಾಲ್ಕು ಸಾಲು, ನಂಗೆ ಆರು,” ಎಂದು ಪಿ.ಟಿ. ಸರ್ ಗೋಳಾಡುತ್ತಿದ್ದರು. “ನಾನು ವರ್ಷವಿಡೀ ಓಡಿದ್ದಕ್ಕಿಂತ ಅವರು ಕೂತಿದ್ದಕ್ಕೇ ಬೆಲೆ ಜಾಸ್ತಿ!”

ಆ ನಗುವಿನ ನಡುವೆಯೇ ಕೆಮಿಸ್ಟ್ರಿ ಸರ್ ಒಳಗೆ ಬಂದ. ಟೀ ಬಿಡುವಿಗೆ ಮುಂಚೆ ಸ್ಟಾಫ್ ರೂಮಿಗೆ ಕಾಲಿಡುವ ಮನುಷ್ಯನಲ್ಲ ಅವನು. ಕೈಯಲ್ಲಿ ಸಂಚಿಕೆ, ಅವನ ಫೋಟೊ ಇದ್ದ ಒಂಬತ್ತನೆಯ ಪುಟ ಬಿಚ್ಚಿಕೊಂಡೇ ಇತ್ತು.

“ಯಾರು ಬರ್ದಿದ್ದು ಇದನ್ನ?”

ದನಿ ಏರಿರಲಿಲ್ಲ. ಅವನ ದನಿ ಏರಿದ್ದನ್ನು ಆ ಶಾಲೆಯಲ್ಲಿ ಯಾರೂ ಕೇಳಿದವರಿಲ್ಲ. ಅದಕ್ಕೇ ಮಕ್ಕಳು ತಮಾಷೆಗೆ ಉಲ್ಟಾ ಮಾಡಿ ‘ಆಸಿಡ್ ಸರ್’ ಎಂದು ಹೆಸರಿಟ್ಟಿದ್ದರು. ಆದರೆ ಕಿವಿ ಎರಡೂ ಕೆಂಪಗಾಗಿದ್ದವು.

ಕಿಟಕಿಯ ಪಕ್ಕದ ಮೇಜಿನಲ್ಲಿ ಒಂಬತ್ತನೆಯ ತರಗತಿಯ ಉತ್ತರಪತ್ರಿಕೆ ತಿದ್ದುತ್ತಿದ್ದ ಹಿಸ್ಟರಿ ಮಿಸ್‌ ಇನ್ನಷ್ಟು ತಲೆ ಬಗ್ಗಿಸಿದಳು. ಒಂದೇ ಉತ್ತರಕ್ಕೆ ಎರಡು ಸಲ ಅಂಕ ಹಾಕಿದಳು.

“ಏನ್ ಸರ್, ಬೈದಿದ್ರೆ ಕೇಳ್ಬೇಕಪ್ಪ, ಹೊಗಳಿದ್ದಕ್ಕೂ ವಿಚಾರಣೇನಾ?” ಎಂದರು ಪಿ.ಟಿ. ಸರ್.

“ಹೊಗಳಿಕೆ ಇರ್ಲಿ. ಇದ್ರಲ್ಲಿ ಒಂದು ಸಾಲು ಸುಳ್ಳು.”

“ಒಂದೇನಾ? ನಂದ್ರಲ್ಲಿ ಆರಕ್ಕೆ ನಾಲ್ಕು ಸುಳ್ಳು, ನಾನೇನು ಗಲಾಟೆ ಮಾಡ್ತಿದ್ದೀನಾ?”

ಎಲ್ಲರೂ ನಕ್ಕರು, ಅವನು ನಗಲಿಲ್ಲ. ನೇರ ಕಿಟಕಿಯ ಬಳಿ ಬಂದು ನಿಂತ.

“ಮಿಸ್, ಇದನ್ನೆಲ್ಲ ಜೋಡಿಸೋದು ನೀವಲ್ವಾ?”

“ನಾನು... ಬಂದಿದ್ದನ್ನ ಜೋಡಿಸೋದಷ್ಟೇ ಸರ್. ಅದು ಪ್ರಿನ್ಸಿಪಾಲ್ ಆಫೀಸಿಂದ ಬಂದಿತ್ತು.”

“ಹಾಗಾದ್ರೆ ಪ್ರಿನ್ಸಿಪಾಲ್ ಮೇಡಂ ಬರ್ದಿರೋದು?”

“ಇರ್ಬಹುದು,” ಎಂದಳು ಉತ್ತರಪತ್ರಿಕೆಯನ್ನೇ ನೋಡುತ್ತ. ಆಮೇಲೆ ತಡೆಯಲಾರದೆ ಕೇಳಿದಳು: “ಯಾವ ಸಾಲು ಸುಳ್ಳು?”

ಅವನು ಒಂದು ಕ್ಷಣ ಅವಳನ್ನು ನೋಡಿದ. ಮಗುವಿನ ಉತ್ತರ ಅರ್ಧ ಸರಿಯಿದ್ದಾಗ ಹೀಗೆ ನೋಡುತ್ತಾನೆಂದು ಅವಳಿಗೆ ಗೊತ್ತಿತ್ತು.

“ಇರ್ಲಿ ಬಿಡಿ,” ಎಂದವನೇ ಹೊರಟುಹೋದ.

ಬರೆದವಳು ಅವಳೇ, ಇನ್ಯಾರು?

ಅದು ಖಾಸಗಿ ಹೈಸ್ಕೂಲು. ಮಕ್ಕಳನ್ನು ಸೇರಿಸಲು ಬರುವ ಅಪ್ಪ ಅಮ್ಮಂದಿರು ಮೊದಲು ಕಟ್ಟಡ ನೋಡುತ್ತಾರೆ, ಆಮೇಲೆ ‘ನಿಮ್ಮ ಟೀಚರ್‌ಗಳು ಹೇಗೆ?’ ಎಂದು ಕೇಳುತ್ತಾರೆ. ಆ ಪ್ರಶ್ನೆಗೆ ಉತ್ತರವಾಗಿ ಪ್ರಿನ್ಸಿಪಾಲ್ ಮೇಡಂ ಹುಡುಕಿದ್ದೇ ಈ ಸಾಧನೆಯ ಪುಟಗಳು. ಪ್ರತಿ ವರ್ಷ ಒಂದು ಫಾರಂ ಬರುತ್ತದೆ. ಯಾವ ಕಮ್ಮಟಕ್ಕೆ ಹೋದಿರಿ, ಯಾವ ಪ್ರಬಂಧ ಮಂಡಿಸಿದಿರಿ, ಏನು ಪ್ರಶಸ್ತಿ ಬಂತು ಎಂದು ಬರೆದು ಕೊಡಬೇಕು. ಅದರಲ್ಲೂ ‘ನಾನು’ ಎನ್ನುವಂತಿಲ್ಲ, ಬೇರೆ ಯಾರೋ ಬರೆದಂತೆ ‘ಇವರು’ ಎಂದೇ ಬರೆಯಬೇಕು. ಹಾಗಾಗಿ ಮೂವತ್ತೆರಡು ಮಂದಿ ಶಿಕ್ಷಕರು ವರ್ಷಕ್ಕೊಮ್ಮೆ ನಾಚಿಕೆ ಬಿಟ್ಟು ತಮ್ಮನ್ನು ತಾವೇ ಇವರು, ಇವರು ಎಂದು ಹೊಗಳಿಕೊಳ್ಳುತ್ತಾರೆ. ಅವನ್ನೆಲ್ಲ ಕತ್ತರಿಸಿ, ತಿದ್ದಿ, ಒಂದು ಅಳತೆಗೆ ತರುವ ಕೆಲಸ ಆರು ವರ್ಷದಿಂದ ಹಿಸ್ಟರಿ ಮಿಸ್‌ದು. ಫಿಸಿಕ್ಸ್ ಸರ್ ಮೂರು ಪುಟ ಕೊಡುತ್ತಾರೆ, ಡ್ರಾಯಿಂಗ್ ಮಿಸ್ ಸರ್ಟಿಫಿಕೇಟುಗಳ ಜೆರಾಕ್ಸ್ ಕಟ್ಟೇ ತಂದಿಡುತ್ತಾರೆ.

ಕೆಮಿಸ್ಟ್ರಿ ಸರ್ ಫಾರಂನಲ್ಲಿ ಮಾತ್ರ ಆರು ವರ್ಷವೂ ಮುದ್ದಾದ ಅಕ್ಷರದಲ್ಲಿ ಎರಡೇ ಪದ: ‘ಏನೂ ಇಲ್ಲ’.

ಈ ಸಲ ಪ್ರಿನ್ಸಿಪಾಲ್ ಮೇಡಂ ಒಪ್ಪಲಿಲ್ಲ. “ಅವರ ಫೋಟೊ ಕೆಳಗೆ ಜಾಗ ಖಾಲಿ ಇದ್ರೆ, ಓದೋರಿಗೆ ಖಾಲಿ ಅಂತ ಕಾಣೋದು ಅವರಲ್ಲ, ನಮ್ಮ ಸ್ಕೂಲು. ನೀವೇ ಏನಾದ್ರೂ ಬರೆದು ತುಂಬಿಸಿಬಿಡಿ. ಮಧ್ಯಾಹ್ನ ಪ್ರೆಸ್ಸಿಗೆ ಹೋಗ್ಬೇಕು,” ಎಂದುಬಿಟ್ಟರು.

ನಾಲ್ಕು ಸಾಲು ಗೀಚಿ ಕೈತೊಳೆದುಕೊಳ್ಳೋಣ ಎಂದು ಪೆನ್ನು ಹಿಡಿದವಳು ನಿಲ್ಲಿಸುವಷ್ಟರಲ್ಲಿ ಇಪ್ಪತ್ತೆರಡು ಸಾಲಾಗಿತ್ತು.

ಅವನ ಹನ್ನೊಂದು ‘ತಪ್ಪು’ ನೋಟ್‌ಬುಕ್‌ಗಳ ಬಗ್ಗೆ ಬರೆದಳು. ಮಕ್ಕಳು ಪರೀಕ್ಷೆಯಲ್ಲಿ ಬರೆದ ತಪ್ಪು ಉತ್ತರಗಳನ್ನು ಅವನು ವರ್ಷಗಳಿಂದ ಅವುಗಳಿಗೆ ಇಳಿಸಿಕೊಳ್ಳುತ್ತಿದ್ದ. ಪ್ರತಿ ತಪ್ಪಿನ ಕೆಳಗೆ, ಈ ಮಗು ಹೀಗೆ ಯಾಕೆ ಯೋಚಿಸಿತು ಎಂದು ತನ್ನ ಊಹೆ ಬರೆಯುತ್ತಿದ್ದ. ಎಂಟನೆಯ ತರಗತಿಯ ಒಂದು ಮಗು ‘ಉಪ್ಪು ನೀರಿಗೆ ಬಿದ್ದರೆ ಸತ್ತುಹೋಗುತ್ತದೆ’ ಎಂದು ಬರೆದಿತ್ತಂತೆ. ಅವನು ಕೆಂಪು ಗೀಟು ಎಳೆಯಲಿಲ್ಲ. ಮರುದಿನ ಇಡೀ ತರಗತಿಯಿಂದ ಉಪ್ಪುನೀರು ಕಾಯಿಸಿ, ತಳದಲ್ಲಿ ಉಳಿದ ಬಿಳಿ ಪುಡಿಯನ್ನು ಆ ಮಗುವಿನ ಅಂಗೈಗೆ ಹಾಕಿ, “ಸತ್ತಿಲ್ಲ ನೋಡು,” ಎಂದಿದ್ದ. ಅದನ್ನೂ ಬರೆದಳು. ಲ್ಯಾಬಿನಲ್ಲಿ ಕೈ ನಡುಗುತ್ತಿದ್ದ ಹುಡುಗಿಯೊಬ್ಬಳ ಎದುರು ಮೂರು ವಾರ ನಿಂತು, ಗಾಜಿನ ನಳಿಕೆಯ ಇನ್ನೊಂದು ತುದಿ ತಾನೇ ಹಿಡಿದುಕೊಂಡಿದ್ದನ್ನು ಬರೆದಳು. ಕೊನೆಗೆ ಬರೆದದ್ದು ಇದು: ‘ಮೊದಲ ಬೆಲ್ಲಿಗೆ ಒಂದೂಕಾಲು ಗಂಟೆ ಮುಂಚೆ, ದಿನವೂ ಬೆಳಗ್ಗೆ ಏಳೂಕಾಲಕ್ಕೆ, ಹಿಂದುಳಿದ ಮಕ್ಕಳಿಗಾಗಿ ಇವರು ಲ್ಯಾಬ್ ತೆರೆಯುತ್ತಾರೆ. ನಾಲ್ಕು ವರ್ಷಗಳಲ್ಲಿ ಒಂದು ದಿನವೂ ತಪ್ಪಿಸಿಲ್ಲ.’

ಬರೆದು ಮುಗಿಸಿ ಓದಿಕೊಂಡಾಗ ಅವಳಿಗೇ ಮುಖ ಬಿಸಿಯಾಯಿತು. ಇದನ್ನು ಸಾಧನೆಯ ವರದಿ ಎಂದು ಪ್ರೆಸ್ಸಿನವನು ಬೇಕಾದರೆ ನಂಬಬಹುದು. ಆದರೆ ತಿದ್ದಲು ಹೊತ್ತಿರಲಿಲ್ಲ, ನಿಜ ಹೇಳಬೇಕೆಂದರೆ ಮನಸ್ಸೂ ಇರಲಿಲ್ಲ.

ಇಷ್ಟೆಲ್ಲ ಅವಳಿಗೆ ಹೇಗೆ ಗೊತ್ತು ಎಂದರೆ, ಅವಳೂ ಏಳೂಕಾಲಕ್ಕೇ ಬರುತ್ತಿದ್ದಳು. ಅಮ್ಮನಿಗೆ ವಾರಕ್ಕೆ ಮೂರು ದಿನ ಡಯಾಲಿಸಿಸ್. ಮಧ್ಯಾಹ್ನ ಬೇಗ ಹೊರಡಬೇಕಾದ್ದರಿಂದ ನಾಲ್ಕು ವರ್ಷದ ಹಿಂದೆ, ಅಮ್ಮನ ಚಿಕಿತ್ಸೆ ಶುರುವಾದಾಗಲೇ, ಮೊದಲ ಬಸ್ಸಿಗೆ ಬಂದು ತಿದ್ದುವ ಕೆಲಸ ಮುಗಿಸುವ ರೂಢಿ ಮಾಡಿಕೊಂಡಿದ್ದಳು. ಅವಳ ತರಗತಿ ಕೋಣೆಯ ಎದುರಿಗೇ ಲ್ಯಾಬು. ನಡುವೆ ಒಂದು ಕಾರಿಡಾರು, ಅಷ್ಟೇ.

ಮರುದಿನ ಬೆಳಗ್ಗೆ ಎಂದಿನಂತೆ ಲ್ಯಾಬಿನ ಬರ್ನರ್ ಮೇಲೆ ಟೀ ಕುದಿಯುತ್ತಿತ್ತು. ಅದಕ್ಕೆಂದೇ ಒಂದು ಬೀಕರ್ ಇತ್ತು, ಮೇಲೆ ಕೆಂಪು ಬಣ್ಣದಲ್ಲಿ ‘ಟೀ’ ಎಂದು ಬರೆದದ್ದು.

“ಇದ್ರಲ್ಲಿ ಆಸಿಡ್ ಹಾಕಿರ್ಲಿಲ್ಲ ತಾನೇ?” ಎಂದು ಅವಳು ದಿನವೂ ಕೇಳುವುದನ್ನೇ ಕೇಳಿದಳು.

“ಹಾಕಿದ್ರೆ ಇದಕ್ಕಿಂತ ರುಚಿಯಾಗಿರೋದು,” ಎಂದು ಅವನೂ ದಿನವೂ ಹೇಳುವುದನ್ನೇ ಹೇಳಿದ.

ಅವಳು ಲೋಟ ತುಟಿಗಿಟ್ಟು, ಏನೂ ಆಗದವಳಂತೆ ಕಪಾಟಿನ ಕಡೆ ನೋಡಿದಳು. “ಆ ಸುಳ್ಳು ಸಾಲು ಯಾವ್ದು ಅಂತ ಹೇಳಿದ್ರೆ, ಬರೋ ವರ್ಷ ತಿದ್ದುಪಡಿ ಹಾಕ್ಬಹುದಿತ್ತು.”

“ತಿದ್ದುಪಡಿ ಹಾಕೋ ಅಂಥದ್ದಲ್ಲ ಅದು.”

“ಹನ್ನೊಂದು ನೋಟ್‌ಬುಕ್ ಅಂತಿದೆ. ಹನ್ನೊಂದಲ್ವಾ?”

“ಹನ್ನೆರಡು.”

“ಅದೇ ಹಾಗಾದ್ರೆ!”

“ಅದು ತಪ್ಪು. ಸುಳ್ಳಲ್ಲ. ತಪ್ಪಿಗೂ ಸುಳ್ಳಿಗೂ ವ್ಯತ್ಯಾಸ ಇದೆ ಮಿಸ್,” ಎಂದ. ಅವನ ಕಣ್ಣಿನ ಅಂಚಿನಲ್ಲಿ ಸಣ್ಣ ನಗು. ಆ ನಗು ತುಟಿಗೆ ಇಳಿಯುವುದೇ ಇಲ್ಲ, ಕಣ್ಣಲ್ಲೇ ಮುಗಿದುಹೋಗುತ್ತದೆ. ಅದನ್ನು ಹಿಡಿಯಬೇಕೆಂದರೆ ಮುಖವನ್ನೇ ನೋಡುತ್ತಿರಬೇಕು. ಅವಳು ನೋಡುತ್ತಿದ್ದಳು.

“ಪ್ರಿನ್ಸಿಪಾಲ್ ಮೇಡಂಗೆ ಥ್ಯಾಂಕ್ಸ್ ಹೇಳಿದ್ರಾ?” ಎಂದಳು ಕಣ್ಣು ತಪ್ಪಿಸಿ.

“ಹೇಳ್ದೆ. ಅವರು ಸುಮ್ನೆ ನಕ್ಕರು.”

ಅವಳಿಗೆ ಟೀ ನೆತ್ತಿಗೇರಿತು. ಅವನು ನೀರಿನ ಲೋಟ ಮುಂದೆ ಸರಿಸಿದ. ಅಷ್ಟರಲ್ಲಿ ಮಕ್ಕಳು ಒಬ್ಬೊಬ್ಬರಾಗಿ ಬಂದರು, ಮಾತು ಅಲ್ಲಿಗೇ ನಿಂತಿತು.

ಅಲ್ಲಿಗೇ ನಿಂತಿದ್ದರೆ ಈ ಕಥೆಯನ್ನು ಹೇಳುವ ಅಗತ್ಯವೇ ಇರುತ್ತಿರಲಿಲ್ಲ. ಆದರೆ ಪ್ರಿನ್ಸಿಪಾಲ್ ಮೇಡಂ ಸುಮ್ಮನೆ ಕೂರುವ ಹೆಂಗಸಲ್ಲ. ಅಷ್ಟು ಚೆನ್ನಾಗಿ ಬರೆದ ಪುಟ ಬರೀ ಸಂಚಿಕೆಯಲ್ಲಿ ಕೊಳೆಯುವುದು ಬೇಡವೆಂದು, ವಿಜ್ಞಾನ ಶಿಕ್ಷಕರಿಗೆ ತರಬೇತಿ ಕೊಡುವ ಒಂದು ದೊಡ್ಡ ಸಂಸ್ಥೆಗೆ ಅದನ್ನು ಕಳಿಸಿಬಿಟ್ಟಿದ್ದರು. ಆ ಊರು ರೈಲಿನಲ್ಲಿ ಹದಿನಾಲ್ಕು ಗಂಟೆಯ ದಾರಿ. ತಿಂಗಳು ಕಳೆದ ಮೇಲೆ ಅಲ್ಲಿಂದ ಇಬ್ಬರು ಬಂದರು. ಎರಡು ದಿನ ಅವನ ಕ್ಲಾಸಿನ ಹಿಂದಿನ ಬೆಂಚಿನಲ್ಲಿ ಕೂತರು, ಹನ್ನೆರಡು ನೋಟ್‌ಬುಕ್ಕನ್ನೂ ತಿರುವಿ ಹಾಕಿದರು, ಲ್ಯಾಬಿನ ಟೀ ಕುಡಿದು ಬದುಕಿ ಉಳಿದರು. ವಾರದೊಳಗೆ ಪತ್ರ ಬಂತು. ಮೂರು ವರ್ಷದ ಕೆಲಸ, ಬೇಕಾದರೆ ಮುಂದೆಯೂ ಅಲ್ಲೇ ಇರಬಹುದು. ಮಕ್ಕಳ ತಪ್ಪುಗಳನ್ನು ಓದುವುದು ಹೇಗೆಂದು ಬೇರೆ ಶಿಕ್ಷಕರಿಗೆ ಕಲಿಸಬೇಕು. ‘ನಾಲ್ಕು ವರ್ಷ ಒಂದು ದಿನವೂ ಬಿಡದೆ ಬೆಳಗ್ಗೆ ಏಳೂಕಾಲಕ್ಕೆ ಬರುವ ಈ ನಿಷ್ಠೆಯೇ ನಮ್ಮನ್ನು ಎಲ್ಲಕ್ಕಿಂತ ಹೆಚ್ಚು ತಟ್ಟಿತು,’ ಎಂದು ಪತ್ರದಲ್ಲಿತ್ತು.

ಬೆಳಗಿನ ಅಸೆಂಬ್ಲಿಯಲ್ಲಿ ಘೋಷಣೆಯಾಯಿತು. ಮಕ್ಕಳು ಕೂಗಿದ ಕೂಗಿಗೆ ಪಾರಿವಾಳಗಳೆಲ್ಲ ಎದ್ದು ಹೋದವು. ಪಿ.ಟಿ. ಸರ್ ಅವನನ್ನು ಅನಾಮತ್ತು ಎತ್ತಿ ಒಂದು ಸುತ್ತು ತಿರುಗಿಸಿದರು. ಕಾರಿಡಾರಿನಲ್ಲಿ, ಮೆಟ್ಟಿಲಲ್ಲಿ, ಟೀ ಬಿಡುವಿನಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: ಕಂಗ್ರಾಚುಲೇಷನ್ಸ್, ಕಂಗ್ರಾಚುಲೇಷನ್ಸ್.

ಹಿಸ್ಟರಿ ಮಿಸ್ ಎಲ್ಲರಿಗಿಂತ ಜೋರಾಗಿ ಚಪ್ಪಾಳೆ ತಟ್ಟಿದಳು. ಆಮೇಲೆ ಹುಡುಗಿಯರ ಟಾಯ್ಲೆಟ್ಟಿನ ಕೊನೆಯ ಬಾಗಿಲು ಹಾಕಿಕೊಂಡು ಹತ್ತು ನಿಮಿಷ ಅತ್ತಳು. ಕಳ್ಳತನದಲ್ಲಿ ಬರೆದ ಪ್ರೇಮಪತ್ರವೊಂದು ಪ್ರಿಯನನ್ನು ಹತ್ತಿರ ತರುವ ಬದಲು ರೈಲು ಹತ್ತಿಸಿ ಕಳಿಸುತ್ತದೆಂದು ಯಾರು ತಾನೇ ಊಹಿಸುತ್ತಾರೆ? ಯಾರ ಮೇಲೆ ಕೋಪ ಮಾಡಿಕೊಳ್ಳುವುದು? ಪೆನ್ನು ಹಿಡಿದದ್ದು ಅವಳದೇ ಕೈ.

ಉತ್ತರ ಕೊಡಲು ಶನಿವಾರ ಕಡೆಯ ದಿನ. ಶುಕ್ರವಾರ ಮಧ್ಯಾಹ್ನ ಅವನು ಅವಳ ಕೋಣೆಯ ಬಾಗಿಲಲ್ಲಿ ಬಂದು ನಿಂತ. ತರಗತಿ ಖಾಲಿಯಿತ್ತು. ಹಲಗೆಯ ಮೇಲೆ ಯಾವುದೋ ಒಪ್ಪಂದದ ಷರತ್ತುಗಳು ಅರ್ಧ ಅಳಿಸಿದ್ದವು.

“ಎಲ್ರೂ ಹೋಗಿ ಹೋಗಿ ಅಂತಿದ್ದಾರೆ. ನೀವೇನೂ ಹೇಳ್ಲಿಲ್ಲ.”

“ನಾನೇನ್ ಹೇಳ್ಲಿ ಸರ್?”

“ಏನ್ ಅನ್ಸುತ್ತೋ ಅದು.”

ಅವನು ಡಸ್ಟರನ್ನು ಈ ಕೈಯಿಂದ ಆ ಕೈಗೆ ಬದಲಾಯಿಸುತ್ತ ನಿಂತಿದ್ದ. ಅಂಗಿಯ ತೋಳಿಗೆ ಸೀಮೆಸುಣ್ಣದ ಪುಡಿ ಮೆತ್ತಿತ್ತು. ಅದನ್ನು ಕೊಡವಬೇಕೆಂದು ಅವಳ ಕೈ ಮಿಡುಕಿತು.

ಅನಿಸಿದ್ದನ್ನು ಹೇಳುವುದು ಹೇಗೆ? ಇಷ್ಟು ದೊಡ್ಡ ಅವಕಾಶ ಯೋಗ್ಯನಾದವನಿಗೇ ಬಂದಿದೆ. ಈತ ಯೋಗ್ಯ ಎಂದು ಇಪ್ಪತ್ತೆರಡು ಸಾಲು ಬರೆದವಳೇ ಈಗ ಬೇಡ ಎಂದರೆ, ಅದಕ್ಕೆ ಸ್ವಾರ್ಥವೆನ್ನದೆ ಏನೆನ್ನುತ್ತಾರೆ? ಅವಳು ಎದ್ದುನಿಂತಳು.

“ಕಂಗ್ರಾಚುಲೇಷನ್ಸ್ ಸರ್.”

ಅವನು ಡಸ್ಟರನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟ. “ಥ್ಯಾಂಕ್ಸ್,” ಎಂದ. ಅರ್ಧ ಗಂಟೆಯಲ್ಲಿ ಆಫೀಸಿನಿಂದ ಒಪ್ಪಿಗೆಯ ಉತ್ತರ ಹೋಯಿತು.

ಶನಿವಾರ ಅಮ್ಮನ ಸರದಿ. ಆಸ್ಪತ್ರೆಯ ಮೂರನೆಯ ಮಹಡಿ, ಸಾಲಾಗಿ ಎಂಟು ಹಾಸಿಗೆ, ಎಂಟು ಯಂತ್ರ. ಅಮ್ಮ ಒಂದು ಕೈ ಚಾಚಿ ಮಲಗಿ ಮಗಳ ಮುಖವನ್ನೇ ನೋಡುತ್ತಿದ್ದರು.

“ನನ್ನ ರಕ್ತವನ್ನೇನೋ ಈ ಮೆಷಿನ್ ತೊಳ್ಯುತ್ತೆ. ನಿನ್ನ ತಲೆ ಯಾರೇ ತೊಳೀತಾರೆ?”

“ಸುಮ್ನಿರಮ್ಮ.”

“ಎಷ್ಟು ವರ್ಷದಿಂದ ಮನೇಲಿ ಅದೇ ಪಾರಾಯಣ. ಕೆಮಿಸ್ಟ್ರಿ ಸರ್ ಹೀಗಂದ್ರು, ಕೆಮಿಸ್ಟ್ರಿ ಸರ್ ಹಾಗಂದ್ರು. ನಂಗೀಗ ಅರ್ಧ ಕೆಮಿಸ್ಟ್ರಿ ಬರುತ್ತೆ. ಹೋಗ್ಬೇಡ ಅಂತ ಒಂದ್ಮಾತು ಹೇಳೋಕೆ ಏನು ಧಾಡಿ?”

“ಹಾಗನ್ನೋಕೆ ನಾನ್ಯಾರಮ್ಮ?”

“ಯಾರೂ ಅಲ್ಲದೋರು ಇಪ್ಪತ್ತೆರಡು ಸಾಲು ಬರೀತಾರೇನೇ?”

ಅವಳಿಗೆ ನಗು ಬಂತು, ನಗುವಿನ ಹಿಂದೆಯೇ ಕಣ್ಣೀರೂ ಬಂತು. “ಇರಿ ಅಂತ ಹೇಳೋದು ತಪ್ಪು. ಜೊತೆಗೆ ಬರ್ತೀನಿ ಅನ್ನೋಕೂ ಆಗಲ್ಲ,” ಎಂದಳು.

ಈ ಹಾಸಿಗೆ ಸಿಗಲು ಏಳು ತಿಂಗಳು ಕಾದದ್ದು, ಅಲ್ಲಿಯವರೆಗೆ ಸಾಲ ಮಾಡಿ ದುಬಾರಿ ಆಸ್ಪತ್ರೆಗೆ ಹೋದದ್ದು ಇಬ್ಬರಿಗೂ ನೆನಪಿತ್ತು. ಬೇರೆ ಊರಿಗೆ ಹೋದರೆ ಮತ್ತೆ ಸರದಿಯ ಕೊನೆಗೆ ನಿಲ್ಲಬೇಕು, ಯಂತ್ರವಿಲ್ಲದೆ ಅಮ್ಮ ಒಂದು ವಾರವೂ ಕಾಯುವಂತಿಲ್ಲ. ಅಮ್ಮ ಬಿಡುವಿದ್ದ ಕೈಯಿಂದ ಮಗಳ ಕೈ ಹಿಡಿದರು.

“ನನ್ನಿಂದ ಆಯ್ತಲ್ಲೇ,” ಎಂದರು.

“ನಿನ್ನಿಂದ ಅಲ್ಲ ಅಮ್ಮ. ಯಾರಿಂದಾನೂ ಅಲ್ಲ. ಅದೇ ಕಷ್ಟ.”

ಇದಾದ ಮೇಲೆ ದಿನಗಳು ಓಡಿದವು. ಅವನು ಹೊರಡುವ ಮೊದಲೇ ಅವನ ಜಾಗಕ್ಕೆ ಹೊಸ ಕೆಮಿಸ್ಟ್ರಿ ಮಿಸ್ ಬಂದಳು. ಈಗಷ್ಟೇ ಕಾಲೇಜು ಮುಗಿಸಿದ, ಚುರುಕಾದ, ಒಳ್ಳೆಯ ಹುಡುಗಿ. ಬೈಯೋಣವೆಂದರೂ ಒಂದು ತಪ್ಪು ಸಿಗುವುದಿಲ್ಲ. ಒಂದು ಬೆಳಗ್ಗೆ ಲ್ಯಾಬಿನ ಕಪಾಟು ಚೊಕ್ಕಟ ಮಾಡುತ್ತ ಆ ಹುಡುಗಿ ಕಾರಿಡಾರಿಗೆ ಬಂದಳು.

“ಮಿಸ್, ಟೀ ಅಂತ ಬರ್ದಿರೋ ಒಂದು ಬೀಕರ್ ಇದೆ. ಲ್ಯಾಬಲ್ಲಿ ಟೀ ಕುಡಿಯೋದು ಸೇಫ್ ಅಲ್ವಲ್ಲ, ಎಸೆದ್ಬಿಡ್ಲಾ?”

“ಎಸೀರಿ,” ಎಂದಳು ಹಿಸ್ಟರಿ ಮಿಸ್. ಹುಡುಗಿ ಹೇಳಿದ್ದು ಸರಿಯಾಗೇ ಇತ್ತು.

ಬೀಳ್ಕೊಡುಗೆ ಗುರುವಾರ ಮಧ್ಯಾಹ್ನ. ಸಭಾಂಗಣ ತುಂಬ ಮಕ್ಕಳು. ವೇದಿಕೆಯ ಮೇಲೆ ಅವನು ಹೊಸ ಅಂಗಿ ಹಾಕಿಕೊಂಡು, ಶಿಕ್ಷೆಗೆ ನಿಲ್ಲಿಸಿದವನಂತೆ ಕೂತಿದ್ದ. ಸಾಧನೆಗಳನ್ನು ಓದಿ ಹೇಳುವ ಕೆಲಸ ಯಾರದು? ಎಂದಿನಂತೆ ಸಂಪಾದಕಿಯದು. ಪ್ರಿನ್ಸಿಪಾಲ್ ಮೇಡಂ ಸಂಚಿಕೆಯ ಒಂಬತ್ತನೆಯ ಪುಟವನ್ನೇ ಅವಳ ಕೈಗಿಟ್ಟರು.

ತಾನು ಬರೆದದ್ದನ್ನು, ಯಾರೋ ಬರೆದಂತೆ, ಅವನ ಎದುರಿಗೇ, ಮೈಕಿನಲ್ಲಿ ಓದಬೇಕು. ಅವಳು ಓದಿದಳು. ಹನ್ನೊಂದು ಎಂದಿದ್ದ ಕಡೆ ಹನ್ನೆರಡು ಎಂದು ತಿದ್ದಿ ಓದಿದಳು. ಉಪ್ಪಿನ ಕಥೆಗೆ ಮಕ್ಕಳು ನಕ್ಕರು. ನಳಿಕೆಯ ಕಥೆಗೆ ಮೂರನೆಯ ಸಾಲಿನ ಒಬ್ಬ ಹುಡುಗಿ ತಲೆ ತಗ್ಗಿಸಿದಳು. ‘ದಿನವೂ ಬೆಳಗ್ಗೆ ಏಳೂಕಾಲಕ್ಕೆ, ಹಿಂದುಳಿದ ಮಕ್ಕಳಿಗಾಗಿ’ ಎಂಬಲ್ಲಿಗೆ ಬಂದಾಗ ಅವಳು ಅಪ್ಪಿತಪ್ಪಿ ಅವನ ಕಡೆ ನೋಡಿದಳು. ಅವನ ಕಿವಿ ಎರಡೂ ಕೆಂಪಗಾಗಿದ್ದವು. ಆ ದಿನ ಸ್ಟಾಫ್ ರೂಮಿನಲ್ಲಿ ಆದಷ್ಟೇ ಕೆಂಪು.

ಉಳಿದ ಒಂದು ಸಾಲನ್ನು ಹೇಗೆ ಓದಿ ಮುಗಿಸಿದಳೋ ಅವಳಿಗೇ ಗೊತ್ತಿಲ್ಲ.

ಐದು ಗಂಟೆಗೆ ಶಾಲೆ ಖಾಲಿಯಾಗಿತ್ತು. ಅವನು ಲ್ಯಾಬಿನಲ್ಲಿ ನೋಟ್‌ಬುಕ್‌ಗಳನ್ನು ರಟ್ಟಿನ ಡಬ್ಬಿಗೆ ತುಂಬುತ್ತಿದ್ದ. ಅವಳು ಬಾಗಿಲಲ್ಲಿ ನಿಂತು, ಪೀಠಿಕೆ ಹಾಕದೆ ಹೇಳಿದಳು.

“ಅದನ್ನ ಬರ್ದಿದ್ದು ನಾನು.”

“ಗೊತ್ತು.”

“ಯಾವಾಗಿಂದ?”

“ಓದಿದ ದಿನದಿಂದ. ಆ ಹುಡುಗಿ ಕೈ ನಡುಗ್ತಿದ್ದಿದ್ದು ಪ್ರಿನ್ಸಿಪಾಲ್ ಮೇಡಂಗೆ ಹೇಗೆ ಗೊತ್ತಿರುತ್ತೆ? ಅವರು ಲ್ಯಾಬ್ ಕಡೆ ಬಂದು ಎರಡು ವರ್ಷ ಆಯ್ತು.”

“ಮತ್ತೆ ಯಾಕೆ ಎಲ್ಲರ ಮುಂದೆ ಯಾರು ಬರ್ದಿದ್ದು ಅಂತ ಕೇಳಿದ್ರಿ?”

“ಒಪ್ಕೊಳ್ತೀರೇನೋ ಅನ್ಕೊಂಡೆ. ನೀವು ಪಾಪ, ಮೇಡಂ ತಲೆಗೆ ಕಟ್ಟಿದ್ರಿ.”

ಅವಳು ನಾಲಿಗೆ ಕಚ್ಚಿಕೊಂಡಳು. ಒಳಗೆ ಬಂದು ಎದುರಿನ ಸ್ಟೂಲಿನ ಮೇಲೆ ಕೂತಳು. “ಏಳೂಕಾಲಿನ ಸಾಲು ಸುಳ್ಳಾ? ನಾಲ್ಕು ವರ್ಷ ನನ್ನ ಕಣ್ಣಾರೆ ನೋಡಿದೀನಲ್ಲ!”

“ಬಂದಿದ್ದು ನಿಜ. ಹಿಂದುಳಿದ ಮಕ್ಕಳಿಗಾಗಿ ಅಂತ ಬರ್ದಿದ್ದೀರಲ್ಲ, ಅದು ಸುಳ್ಳು.”

“ಮತ್ಯಾಕೆ ಬರ್ತಿದ್ರಿ?”

ಅವನು ಒಂದು ನೋಟ್‌ಬುಕ್ಕನ್ನು ಡಬ್ಬಿಯಲ್ಲಿಟ್ಟು, ಮತ್ತೆ ತೆಗೆದು, ಮತ್ತೆ ಇಟ್ಟ.

“ನನ್ನ ರೂಮು ಇಲ್ಲಿಂದ ಎರಡು ಬೀದಿ ಆಚೆ. ಎಂಟೂಕಾಲಕ್ಕೆ ಹೊರಟ್ರೂ ಸಾಕಿತ್ತು. ಒಂದಿನ ಏನೋ ಮರ್ತಿದ್ದೆ ಅಂತ ಬೇಗ ಬಂದೆ. ಇಡೀ ಬಿಲ್ಡಿಂಗಲ್ಲಿ ನಿಮ್ಮ ರೂಮಿನ ಲೈಟ್ ಒಂದೇ. ತಲೆ ಬಗ್ಗಿಸಿಕೊಂಡು ಏನೋ ತಿದ್ದುತ್ತಾ, ಮಕ್ಕಳ ಉತ್ತರ ಓದಿ ಒಬ್ಬರೇ ನಗ್ತಿದ್ರಿ. ಮಾರನೇ ದಿನವೂ ಬಂದೆ. ಕಾರಿಡಾರಲ್ಲಿ ಸುಮ್ನೆ ನಿಂತ್ಕೊಳ್ಳೋಕೆ ಮುಜುಗರ. ಅದಕ್ಕೆ ಲ್ಯಾಬ್ ಬಾಗಿಲು ತೆಗ್ದೆ. ಎರಡು ತಿಂಗಳಾದ್ಮೇಲೆ ಮಕ್ಕಳು ನಾಲ್ಕು ಜನ ಬಂದು ಡೌಟ್ ಕೇಳ್ಬಹುದಾ ಸರ್ ಅಂದ್ರು. ನಂಗೆ ಅವರ ಮೇಲೆ ಎಷ್ಟು ಸಿಟ್ಟು ಬಂತು ಗೊತ್ತಾ?”

ಅವಳು ನಕ್ಕಳು. ನಗುತ್ತಿದ್ದಂತೆಯೇ ಮುಖ ಮುಚ್ಚಿಕೊಂಡಳು. ನಾಲ್ಕು ವರ್ಷ, ದಿನವೂ ಒಂದೂಕಾಲು ಗಂಟೆ, ಎದುರುಬದುರು. ಇಬ್ಬರೂ ಟೀ ರುಚಿಯ ಬಗ್ಗೆಯಷ್ಟೇ ಮಾತಾಡಿದ್ದರು.

“ಅವರು ಆ ಸಾಲು ನೋಡೇ ನಿಮ್ಮನ್ನ ಆರಿಸಿದ್ದು,” ಎಂದಳು ಬೆರಳ ಸಂದಿಯಿಂದ.

“ಹೌದು. ನಿಮ್ಮನ್ನ ನೋಡೋಕೆ ಬಂದಿದ್ದಕ್ಕೆ ನನ್ನನ್ನ ನಿಮ್ಮಿಂದ ಹದಿನಾಲ್ಕು ಗಂಟೆ ದೂರ ಕಳಿಸ್ತಿದ್ದಾರೆ. ಸಾಧನೆ ಅಂತ.”

“ಆ ಶುಕ್ರವಾರ ಯಾಕೆ ಹೇಳ್ಲಿಲ್ಲ?”

“ಹೇಳೋಕೇ ಬಂದಿದ್ದೆ. ನೀವು ಕಂಗ್ರಾಚುಲೇಷನ್ಸ್ ಅಂದ್ರಿ.”

ಅವಳಿಗೆ ಹಣೆ ಚಚ್ಚಿಕೊಳ್ಳಬೇಕೆನಿಸಿತು. ಆದರೆ ಚಚ್ಚಿಕೊಂಡು ಆಗುವುದೇನು? ಅವನು ಸಹಿ ಮಾಡಿಯಾಗಿತ್ತು. ಹೊಸ ಮಿಸ್ ಟೈಂಟೇಬಲ್ಲಿನಲ್ಲಿ ತನ್ನ ಹೆಸರು ಬರೆಸಿಕೊಂಡಾಗಿತ್ತು. ಇಲ್ಲೇ ಉಳಿದರೂ ಅವನಿಗೆ ಒಂದು ಪೀರಿಯಡ್ಡೂ ಇರಲಿಲ್ಲ. ಅಲ್ಲಿ ಅರವತ್ತು ಮಂದಿ ಶಿಕ್ಷಕರ ಮೊದಲ ತಂಡ ಸೋಮವಾರ ಅವನಿಗಾಗಿ ಕಾಯುತ್ತಿತ್ತು. ಬೇಡವೆನ್ನುವಂಥ ಕೆಲಸವೂ ಅದಲ್ಲ.

“ನೀವೂ ಬನ್ನಿ ಅನ್ನೋಕೆ ನಂಗೆ ಬಾಯಿ ಬರ್ತಿಲ್ಲ,” ಎಂದ ಅವನು. “ಅಮ್ಮನ ವಿಷಯ ಗೊತ್ತು. ಆದ್ರೆ ಇದನ್ನ ಹೇಳ್ದೆ ಹೋದ್ರೆ ಅಲ್ಲಿ ನಂಗೆ ಪಾಠ ಮಾಡೋಕಾಗಲ್ಲ. ನಂಗೆ ನೀವು ಅಂದ್ರೆ ತುಂಬಾ ಇಷ್ಟ. ನಾಲ್ಕು ವರ್ಷದಿಂದ.”

“ನಂಗೂ,” ಎಂದಳು. “ಇಪ್ಪತ್ತೆರಡು ಸಾಲು ಬರ್ದಿದ್ದೀನಲ್ಲ, ಇನ್ನೇನು ಹೇಳ್ಲಿ?”

ಅವನು ಮೇಜಿನ ಈ ಕಡೆಗೆ ಬಂದ. ಅವಳು ಎದ್ದುನಿಂತು, ಅವನ ತೋಳಿನ ಮೇಲಿದ್ದ ಪುಡಿಯನ್ನು ಕೊಡವಿದಳು. ಹೊಸ ಅಂಗಿ, ಪುಡಿ ಏನೂ ಇರಲಿಲ್ಲ. ಆದರೂ ಕೊಡವಿದಳು. ಅವನು ಆ ಕೈಯನ್ನು ತನ್ನ ಕೈಯಲ್ಲಿ ಹಿಡಿದುಕೊಂಡ. ಕಿಟಕಿಯಿಂದ ಸಂಜೆ ಬಿಸಿಲು ಖಾಲಿ ಕಪಾಟಿನ ಮೇಲೆ ಬಿದ್ದಿತ್ತು. ಇಬ್ಬರಿಗೂ ಮಾಡಲು ಏನೂ ಉಳಿದಿರಲಿಲ್ಲ, ಬದಲಾಯಿಸಲು ಏನೂ ಕೈಯಲ್ಲಿರಲಿಲ್ಲ.

ಆಗ ಅವಳ ಬಾಯಿಂದ ಆ ಮಾತು ತಾನಾಗಿಯೇ ಬಂತು.

“ಹೋಗ್ಬೇಡಿ.”

ಅವಳೇ ಗಾಬರಿಯಾಗಿ ಕೈ ಬಿಡಿಸಿಕೊಳ್ಳಲು ನೋಡಿದಳು. “ಸಾರಿ. ಈಗ ಹೇಳಿ ಏನು ಪ್ರಯೋಜನ? ಸುಮ್ನೆ ಬಂದ್ಬಿಡ್ತು.”

“ಪ್ರಯೋಜನ ಏನೂ ಇಲ್ಲ,” ಎಂದ. ದನಿ ಒಡೆದಿತ್ತು. “ಇಷ್ಟು ದಿನದಲ್ಲಿ ಇಡೀ ಸ್ಕೂಲು ಕಂಗ್ರಾಚುಲೇಷನ್ಸ್ ಅಂತು. ಒಬ್ಬರಾದ್ರೂ ಹೋಗ್ಬೇಡ ಅಂತಾರಾ ಅಂತ ಕಾಯ್ತಿದ್ದೆ. ಇನ್ನೊಂದ್ಸಲ ಹೇಳಿ.”

“ಹೋಗ್ಬೇಡಿ.”

“ಇನ್ನೊಂದ್ಸಲ.”

ಗೇಟು ಹಾಕುವ ಹೊತ್ತಾಯಿತೆಂದು ವಾಚ್‌ಮನ್ ಬಂದು ಬಾಗಿಲು ತಟ್ಟುವವರೆಗೂ ಅವಳು ಹೇಳುತ್ತಲೇ ಇದ್ದಳು. ಮರುದಿನ ಹನ್ನೊಂದರ ರೈಲಿಗೆ ಅವನು ಹೋದ.